ಮೋಟಾರು ಹಾಕಿದ ಅಟ್ಟ

ಊರು ಬಿಟ್ಟು ಬಂದವರ ಮನೆಯಲ್ಲಿ ಜಾಗ ಎಂದೂ ಸಾಲುವುದಿಲ್ಲ. ಈ ಹಳೇ ರೋಗಕ್ಕೆ ಈಗೊಂದು ಹೊಸ ಮದ್ದು ಬಂದಿದೆ, ಕಾರ್ ಲಿಫ್ಟು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು ಕಾರನ್ನು ಮೇಲಕ್ಕೆತ್ತಿ ಕೆಳಗೆ ನಿಂತು ರಿಪೇರಿ ಮಾಡ್ತಾನಲ್ಲ, ಅದರದೇ ತಮ್ಮ. ಮನೆಯ ಕಾರ್ ಶೆಡ್ಡಿನಲ್ಲಿ ಇದನ್ನು ಕೂರಿಸಿ, ಕಾರನ್ನು ಮೇಲೆ ನಿಲ್ಲಿಸಿ, ಕೆಳಗಿನ ಖಾಲಿ ಜಾಗದಲ್ಲಿ ಸಾಮಾನು ತುಂಬಿಕೊಳ್ಳಿ ಅಂತಾರೆ ಮಾರುವವರು. ನಾಸಿಕ್ ಜಿಲ್ಲೆಯ ಈ ನಿಫಾಡಿನಂಥ ತಾಲ್ಲೂಕು ಊರಿಗೂ ಈ ಮಾತು ಬಂದು ಮುಟ್ಟಿದೆ. ನಮ್ಮ ಮನೆಯಲ್ಲೂ ಚರ್ಚೆಯಾಯಿತು. ನಾನು ಬೇಡ ಅಂದೆ. ಯಾಕೆ ಅನ್ನುವುದನ್ನು ಊರಿನಲ್ಲಿರುವ ನಿಮಗೆ ಹೇಳಬೇಕು, ಏಕೆಂದರೆ ಇದರಲ್ಲಿ ನಿಮ್ಮ ಪಾಲೂ ಇದೆ.

ಮೊದಲು ಯಂತ್ರದ ವಿಚಾರ. ಮುಖ್ಯವಾಗಿ ಎರಡು ಬಗೆ. ಎರಡು ಕಂಬದ ಲಿಫ್ಟು ಕಾರನ್ನು ಅಡಿಯಿಂದ ತೋಳು ಚಾಚಿ ಎತ್ತುತ್ತದೆ. ಇಡೀ ಭಾರ ಆ ಎರಡು ಕಂಬಗಳ ಬುಡದ ಬೋಲ್ಟುಗಳ ಮೇಲೆ. ಅದಕ್ಕೆ ಗಟ್ಟಿ ಕಾಂಕ್ರೀಟು ನೆಲ ಬೇಕು. ಅದು ರಿಪೇರಿಯವರಿಗೆ ಸರಿ, ಮನೆಗಲ್ಲ. ನಾಲ್ಕು ಕಂಬದ್ದರಲ್ಲಿ ಕಾರು ಎರಡು ಹಲಗೆಗಳ ಮೇಲೆ ತನ್ನ ಚಕ್ರದ ಮೇಲೇ ನಿಲ್ಲುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿಡುವುದಾದರೆ ಇದೇ ಯೋಗ್ಯ. ಆದರೂ ಮಣ್ಣು ತುಂಬಿ ಟೈಲ್ಸ್ ಹಾಕಿದ ನೆಲದ ಮೇಲೆ ಕೂರಿಸಿದರೆ ಟೈಲ್ಸು ಒಡೆಯುತ್ತದೆ.

ಇನ್ನು ಎತ್ತರ. ಸ್ವಿಫ್ಟಿನಂಥ ಕಾರು ಸುಮಾರು 1.5 ಮೀಟರು, ಇನ್ನೋವಾದಂಥದ್ದು ಸುಮಾರು 1.8. ಒಂದರ ಮೇಲೊಂದು ನಿಲ್ಲಿಸಿದರೆ 3.3. ಹಲಗೆಯ ದಪ್ಪ, ತಲೆಯ ಮೇಲೆ ಒಂಚೂರು ಬಿಡುವು ಅಂತ ಒಂದಡಿ ಸೇರಿಸಿ. 3.6 ಮೀಟರು, ಅಂದರೆ ಹತ್ತಿರ ಹತ್ತಿರ 12 ಅಡಿ. ನಮ್ಮ ನಿಮ್ಮ ಮನೆಗಳ ಸ್ಲ್ಯಾಬು ಸಾಮಾನ್ಯವಾಗಿ 10 ಅಡಿಗೆ ಮುಗಿಯುತ್ತದೆ. ‘ಎರಡನೇ ಕಾರು ಬೇಡ, ಕೆಳಗೆ ಬರೀ ಸಾಮಾನು ಇಡ್ತೀವಿ’ ಅಂತೀರಾ? ಹತ್ತಡಿಯಲ್ಲಿ ಸಣ್ಣ ಕಾರಿಗೆ ಐದಡಿ, ಹಲಗೆಗೂ ಬಿಡುವಿಗೂ ಒಂದಡಿ. ಉಳಿಯುವುದು ನಾಲ್ಕಡಿ. ಅರವತ್ತು ದಾಟಿದವನು ಸೊಂಟ ಬಗ್ಗಿಸಿಕೊಂಡು ಕಾರಿನ ಹೊಟ್ಟೆಯ ಕೆಳಗೆ ತೂರಿ ಹಪ್ಪಳದ ಡಬ್ಬಿ ಹುಡುಕುವ ಸಂಭ್ರಮ ನೀವೇ ಊಹಿಸಿ. ಮೇಲಿನಿಂದ ಎಣ್ಣೆ ತೊಟ್ಟಿಕ್ಕುತ್ತದೆ, ಮಳೆಗಾಲದಲ್ಲಿ ಚಕ್ರದ ಕೆಸರು ಇಳಿಯುತ್ತದೆ. ಅದಕ್ಕೆ ಬೇರೆ ತಟ್ಟೆ ಕೊಳ್ಳಬೇಕು.

ಕಾರು ಮೇಲೆ ನಿಂತಾಗ ಅದನ್ನು ಹಿಡಿದಿರಬೇಕಾದ್ದು ಪಂಪಿನ ಎಣ್ಣೆಯಲ್ಲ, ಕಬ್ಬಿಣದ ಲಾಕು. ಒಳ್ಳೆಯದೇ. ಆದರೆ ಇಳಿಸಬೇಕಾದರೆ ಮೊದಲು ಸ್ವಲ್ಪ ಮೇಲೆತ್ತಿ ಆ ಲಾಕು ಬಿಡಿಸಬೇಕು. ಎತ್ತಬೇಕಾದರೆ ಕರೆಂಟು ಬೇಕು. ಗಾಳಿಮಳೆಗೆ ಕರೆಂಟು ಹೋದ ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಕಾರು ಅಟ್ಟದ ಮೇಲೆ, ನಾವು ಕೆಳಗೆ. ಕೈಪಂಪು ಇರುವ ಮಾದರಿಯೇ ಬೇಕು ಅಂತ ಕೇಳುವವರು ಎಷ್ಟು ಮಂದಿ?

ಸಣ್ಣ ಸೈಟು, ಎರಡು ಕಾರು, ಬೀದಿಯಲ್ಲಿ ನಿಲ್ಲಿಸಲು ಸ್ಥಳವಿಲ್ಲ, 12 ಅಡಿ ಎತ್ತರವೂ ಇದೆ ಅನ್ನುವವರು ಧಾರಾಳವಾಗಿ ಕೊಳ್ಳಲಿ. ಅದು ದಿನಾ ಓಡಾಡುವ ಕಾರಿಗೆ ಮಾಡಿದ ಏರ್ಪಾಟು. ನನ್ನ ಜಗಳ ಇರುವುದು ಕೆಳಗೆ ಸೇರುವ ಸಾಮಾನಿನ ಮೇಲೆ.

ಏನಿರುತ್ತೆ ಅಲ್ಲಿ? ಹೊರನಾಡಿನ ಯಾವ ಕನ್ನಡಿಗರ ಮನೆಗಾದರೂ ಹೋಗಿ ನೋಡಿ. ನಾಲ್ಕು ವರ್ಗಾವಣೆಗಳಲ್ಲಿ ಒಮ್ಮೆಯೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳು. ಅಜ್ಜಿಯ ಹಿತ್ತಾಳೆ ಹಂಡೆ, ಕೊಪ್ಪರಿಗೆ, ಬೀಸುಕಲ್ಲು. ಮಕ್ಕಳು ಓದಲು ಬಾರದ ಕನ್ನಡ ಪುಸ್ತಕ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಊರಿಗೆ ಹೋಗಿ ನೆಲೆಸಿದ ಮೇಲೆ ಬೇಕಾಗುತ್ತೆ.’ ಮರಾಠಿಯಲ್ಲಿ ಇಂಥ ಸಾಮಾನಿಗೆ ‘ಅಡಗಳ’ ಅಂತಾರೆ. ನಾವು ಅದಕ್ಕೆ ಊರು ಅಂತ ಹೆಸರಿಟ್ಟಿದ್ದೇವೆ. ಲಿಫ್ಟು ಕೊಳ್ಳುವುದು ಜಾಗಕ್ಕಲ್ಲ ಸ್ವಾಮಿ, ಹೋಗುತ್ತೇವೋ ಇಲ್ಲವೋ ಅನ್ನುವ ಪ್ರಶ್ನೆಯನ್ನು ಇನ್ನೊಂದು ಹತ್ತು ವರ್ಷ ಮುಂದೂಡುವುದಕ್ಕೆ.

ಕೂಡಿಡುವುದು ಅಂದರೇನು ಅಂತ ಕಲಿಯಲು ನಿಫಾಡ್ ತಾಲ್ಲೂಕಿಗಿಂತ ಒಳ್ಳೇ ಶಾಲೆ ಇಲ್ಲ. 1947ರಲ್ಲಿ ಶುರುವಾದ ಲಾಸಲ್‌ಗಾಂವ್ ಈರುಳ್ಳಿ ಮಾರುಕಟ್ಟೆ ಇರುವುದು ಇದೇ ತಾಲ್ಲೂಕಿನಲ್ಲಿ. ಇಲ್ಲಿನ ರೈತರ ಹೊಲದ ಬದಿಗೆ ‘ಕಾಂದಾ ಚಾಳ್’ ಅನ್ನುವ ಉದ್ದನೆಯ ಗೂಡುಗಳಿವೆ. ನೆಲದಿಂದ ಮೇಲೆತ್ತಿದ ತಳ, ಗಾಳಿಯಾಡಲು ಸಂದು ಬಿಟ್ಟ ಪಟ್ಟಿಗಳ ಗೋಡೆ. ಬೇಸಿಗೆಯಲ್ಲಿ ಕಿತ್ತ ಈರುಳ್ಳಿ ಇದರಲ್ಲಿ ದೀಪಾವಳಿ ಸುಮಾರಿನ ತನಕ ಕೂರುತ್ತದೆ. ಕೂತಷ್ಟು ದಿನವೂ ನೀರು ಆರಿ ತೂಕ ಇಳಿಯುತ್ತದೆ. ಒಂದಿಷ್ಟು ಕೊಳೆಯುತ್ತದೆ, ಒಂದಿಷ್ಟು ಮೊಳೆಯುತ್ತದೆ. ರೈತನಿಗೆ ಇದೆಲ್ಲ ಗೊತ್ತು. ಗೊತ್ತಿದ್ದೇ ಇಡುತ್ತಾನೆ, ಗಳಿಗೆ ನೋಡಿ ತೆಗೆಯುತ್ತಾನೆ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇಕಡಾ 40 ಸುಂಕ ಹಾಕಿದಾಗ ಚಾಳ್ ತುಂಬ ಮಾಲಿಟ್ಟು ಕೂತಿದ್ದವರ ಲೆಕ್ಕವೆಲ್ಲ ತಲೆಕೆಳಗಾಯಿತು. ಆದರೂ ‘ಮುಂದೆಂದಾದರೂ ಬೇಕಾಗುತ್ತೆ’ ಅಂತ ಅವರು ಅದನ್ನು ಐದು ವರ್ಷ ಇಟ್ಟುಕೊಳ್ಳಲಿಲ್ಲ.

ನಮ್ಮ ಗದಗ ಸೀಮೆಯ ಹಿರಿಯರಿಗೂ ಈ ವಿವೇಕ ಇತ್ತು. ನೆಲದೊಳಗೆ ಹಗೇವು ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಬರ ಬಂದಾಗ ತೆಗೆಯುತ್ತಿದ್ದರು. ತೆಗೆದ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ, ಕೆಟ್ಟ ಗಾಳಿ ಹೊರಗೆ ಹೋಗುವ ತನಕ ಕಾಯುತ್ತಿದ್ದರು. ಬಹಳ ಕಾಲ ಮುಚ್ಚಿಟ್ಟದ್ದು ಪ್ರಾಣಕ್ಕೂ ಎರವಾದೀತು ಅಂತ ಅವರಿಗೆ ಗೊತ್ತಿತ್ತು.

ಬ್ಯಾಂಕಿನಲ್ಲಿ ವ್ಯಾಪಾರಿಗೆ ಕ್ಯಾಶ್ ಕ್ರೆಡಿಟ್ ಕೊಡುವಾಗ ಗೋದಾಮಿಗೆ ಹೋಗಿ ಸ್ಟಾಕು ನೋಡುತ್ತಿದ್ದೆವು. ಓಡುವ ಮಾಲಿನ ಮೇಲಷ್ಟೇ ಹಣ. ಮೂಲೆಯಲ್ಲಿ ಧೂಳು ಹಿಡಿದದ್ದನ್ನು ಲೆಕ್ಕದಿಂದ ತೆಗೆಯುತ್ತಿದ್ದೆವು. ಆ ಅಳತೆಗೋಲನ್ನು ನಮ್ಮ ಶೆಡ್ಡಿಗೆ ಹಿಡಿದರೆ ಎಷ್ಟು ಉಳಿದೀತು? ಸತ್ತ ಸ್ಟಾಕನ್ನು ಇಡಲು ಲಕ್ಷಗಟ್ಟಲೆ ಸುರಿದು ಮೋಟಾರಿನ ಅಟ್ಟ ಕಟ್ಟುವವನಿಗೆ ಯಾವ ಮ್ಯಾನೇಜರೂ ಸಾಲ ಕೊಡುತ್ತಿರಲಿಲ್ಲ. ಮನೆಯ ವಿಚಾರಕ್ಕೆ ಬಂದರೆ ನಾವೇ ಕೊಟ್ಟುಕೊಳ್ಳುತ್ತೇವೆ.

‘ನೆನಪಿಗೂ ಸ್ಟಾಕಿನ ಲೆಕ್ಕ ಹಾಕ್ತೀರಾ’ ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಆದರೆ ಬಚ್ಚಲಲ್ಲಿ ನೀರು ಕಾಯುವ ಹಂಡೆ ಮಾತ್ರ ಅಜ್ಜಿಯದು. ರಟ್ಟಿನಲ್ಲಿ ಹಸಿರು ಕಟ್ಟಿ ಕೂತದ್ದು ಬರೀ ಹಿತ್ತಾಳೆ. ಮೊಮ್ಮಗನಿಗೆ ಒಂದು ಕಥೆ ಓದಿ ಹೇಳದೆ ಮುನ್ನೂರು ಪುಸ್ತಕವನ್ನು ಕಾರಿನ ಕೆಳಗೆ ಜೋಪಾನ ಮಾಡಿದರೆ ಕನ್ನಡ ಉಳಿದೀತೇ?

ಈಗ ನಿಮ್ಮ ಪಾಲು. ನಾವು ರಜೆಗೆ ಬಂದಾಗಲೆಲ್ಲ ‘ಮುಂದೆ ಇಲ್ಲಿಗೇ ಬರೋರಲ್ವಾ’ ಅಂತೀರಿ. ಪ್ರೀತಿಯ ಮಾತೇ. ಬರುವುದಿಲ್ಲ ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಬೀಗ ಹಾಕಿದ ನಮ್ಮ ಮನೆಯ ಕೀಲಿಕೈ ನಿಮ್ಮ ಗೂಡಿನಲ್ಲಿ ತೂಗುತ್ತಿದೆ. ಅದೂ ಒಂದು ಅಟ್ಟವೇ. ಮುಂದಿನ ಸಲ ಹಾಗೆ ಹೇಳುವ ಬದಲು ಖಡಾಖಂಡಿತವಾಗಿ ಕೇಳಿ: ‘ಬರ್ತೀರೋ ಇಲ್ವೋ?’ ಬರುವವರು ತಾರೀಖು ಹೇಳಲಿ. ಬಾರದವರು ಕೊಪ್ಪರಿಗೆಯನ್ನು ಊರ ದೇವಸ್ಥಾನದ ದಾಸೋಹಕ್ಕೆ, ಪುಸ್ತಕವನ್ನು ಊರ ಶಾಲೆಗೆ ಕೊಡಲಿ. ಬೇಕಾದ ನಾಲ್ಕನ್ನು ಬಿಚ್ಚಿ ಬಳಸಲಿ. ಕಾರು ನೆಲದ ಮೇಲೇ ನಿಲ್ಲಲಿ.