ಯಾವ ಗುಳಿಗಿ? ಬಿಳೇ ಗುಳಿಗಿ!

ಹುನಗುಂದದಿಂದಲೋ ಇಳಕಲ್ಲಿನಿಂದಲೋ ಬಸ್ಸಿನಲ್ಲಿ ಬಂದ ಮುದುಕನನ್ನು ನವನಗರದ ಆಸ್ಪತ್ರೆಯಲ್ಲಿ ದಾಖಲು ಮಾಡುತ್ತಾರೆ. ಎದೆಯಲ್ಲಿ ಸಂಕಟ, ಬಾಯಲ್ಲಿ ಮಾತಿಲ್ಲ. "ಮನ್ಯಾಗ ಏನೇನ್ ಔಷಧ ತಗೋತಾರ?" ಎಂದು ಡಾಕ್ಟರು ಕೇಳುತ್ತಾರೆ. "ಒಂದು ಬಿಳೇ ಗುಳಿಗಿ ರೀ ಸಾಹೇಬ್ರ, ಇನ್ನೊಂದು ಕೆಂಪಂದು, ಸಣ್ಣದು" ಎನ್ನುತ್ತಾನೆ ಮಗ. ಹೆಸರು? "ಗೊತ್ತಿಲ್ರೀ. ಅಂಗಡ್ಯಾಗ ತೋರಿಸಿದ್ರ ಕೊಡ್ತಾರ."

ಡಾಕ್ಟರು ಬರೆದುಕೊಳ್ಳುವುದಾದರೂ ಏನನ್ನು? ಬಿಳಿ ಗುಳಿಗೆ ಅಂಗಡಿಯಲ್ಲಿ ನೂರಾರು ಬಗೆಯವು ಇವೆ.

ಇದು ಯಾರೋ ಒಬ್ಬರ ಮನೆಯ ಕತೆಯಲ್ಲ. ನಕ್ಕು ಬಿಡುವ ಮಾತೂ ಅಲ್ಲ. ಆ ಕೆಂಪು ಗುಳಿಗೆ ರಕ್ತ ತೆಳುವಾಗಿಸುವಂಥದ್ದಾಗಿದ್ದು, ಅದು ತಿಳಿಯದೆ ಆಪರೇಷನ್ನಿಗೆ ಕೈ ಹಾಕಿದರೆ ರಕ್ತ ನಿಲ್ಲಿಸುವುದು ಕಷ್ಟ. ಒಂದೇ ಶುಗರ್ ಔಷಧ ಎರಡು ಕಂಪನಿಗಳ ಎರಡು ಹೆಸರಿನಲ್ಲಿ ಬರುತ್ತದೆ. ಮನೆಯದನ್ನೂ ಆಸ್ಪತ್ರೆಯದನ್ನೂ ನುಂಗಿದ ರೋಗಿ ಶುಗರ್ ಇಳಿದು ಎಚ್ಚರ ತಪ್ಪಬಹುದು. ಮೂರ್ಛೆ ರೋಗದ ಗುಳಿಗೆ ತಪ್ಪಿದರೆ ಫಿಟ್ಸ್ ಮರಳಿ ಬರಬಹುದು. ಮೊಣಕಾಲು ನೋವಿಗೆಂದು ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದವರಿಗೆ ಅದು ತಟ್ಟನೆ ನಿಂತರೆ ಜೀವಕ್ಕೇ ಕುತ್ತು.

ಔಷಧದಿಂದ ಆಗುವ ಇಂಥ ಗಂಭೀರ ಹಾನಿಯನ್ನು ಐದು ವರ್ಷಗಳಲ್ಲಿ ಅರ್ಧಕ್ಕೆ ಇಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಕರೆ ಕೊಟ್ಟಿತ್ತು. ಐದು ವರ್ಷ ಎಂದೋ ಮುಗಿದವು. ನಮ್ಮಲ್ಲಿ ಇನ್ನೂ ಬಣ್ಣದ ಲೆಕ್ಕವೇ ನಡೆದಿದೆ.

ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳನ್ನು ನುಂಗುವ ಮುಂಚೆ, ಮನೆತನದ ಡಾಕ್ಟರಿಗೆ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರ ಬೇನೆ ಬಾಯಿಪಾಠ ಇರುತ್ತಿತ್ತು. ಜನ ಸೆಕ್ಟರ್ ಸೆಕ್ಟರಿಗೆ ಚದುರಿದರು. ಈಗ ಶುಗರಿಗೆ ಒಬ್ಬರು, ಹೃದಯಕ್ಕೆ ಹುಬ್ಬಳ್ಳಿಯಲ್ಲಿ ಇನ್ನೊಬ್ಬರು, ಮಂಡಿ ನೋವಿಗೆ ನಾಟಿ ಔಷಧದವರು. ಒಬ್ಬರು ಕೊಟ್ಟದ್ದು ಮತ್ತೊಬ್ಬರಿಗೆ ಗೊತ್ತಿಲ್ಲ. ಮುಳುಗಡೆ ಪರಿಹಾರದ ಕಾಗದಗಳನ್ನು ಟ್ರಂಕಿನಲ್ಲಿಟ್ಟು ಜೋಪಾನ ಮಾಡಿದ ಮಂದಿಯೇ ಡಾಕ್ಟರ ಚೀಟಿಯನ್ನು ಎಲ್ಲೋ ಒಗೆದಿರುತ್ತಾರೆ.

ಹಾಗೆಂದು ತಪ್ಪೆಲ್ಲ ರೋಗಿಯದೇ ಎನ್ನಲಾದೀತೇ? ರಾತ್ರಿ ಗದ್ದಲದಲ್ಲಿ ಒಮ್ಮೆ ಕೇಳಿ, ಕೇಸ್ ಪೇಪರಿನ ಮೇಲೆ "ಬಿ.ಪಿ., ಶುಗರ್ ಇದೆ" ಎಂದು ಗೀಚಿದರೆ ಮುಗಿಯಿತೇ? ಅದು ರೋಗದ ಹೆಸರಾಯಿತು, ಔಷಧದ್ದಲ್ಲ. ಯಾವ ಗುಳಿಗೆ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಕೊನೆಗೆ ನುಂಗಿದ್ದು ಯಾವಾಗ ಎಂಬುದನ್ನು ಮರುದಿನ ಸಾವಕಾಶವಾಗಿ ಮತ್ತೊಮ್ಮೆ ಕೇಳಬೇಕು. ಬೈದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ನಾಟಿ ಪುಡಿ, ಸಾರಾಯಿ, ಬಿಟ್ಟ ಗುಳಿಗೆ ಎಲ್ಲವೂ ಹೊಟ್ಟೆಯಲ್ಲೇ ಉಳಿಯುತ್ತವೆ.

ಡಾಕ್ಟರಿಗೆ ಪುರುಸೊತ್ತಿಲ್ಲ ಎಂಬುದು ನಿಜ. ಆದರೆ ಈ ಕೆಲಸಕ್ಕೆಂದೇ ಕಲಿತವರಿದ್ದಾರೆ. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜಿನವರು 1990ರ ದಶಕದಲ್ಲೇ ಆಸ್ಪತ್ರೆಯ ವಾರ್ಡಿಗೆ ಇಳಿದರು. ವಾರ್ಡಿನಲ್ಲೇ ತರಬೇತಿ ಕೊಡುವ ಫಾರ್ಮ್.ಡಿ. ಕೋರ್ಸು ದೇಶಕ್ಕೆ ಬಂದದ್ದು 2008ರಲ್ಲಿ. ಬಾಗಲಕೋಟೆಯಲ್ಲೂ ಫಾರ್ಮಸಿ ಕಾಲೇಜಿದೆ. ಕಲಿತವರನ್ನು ರೋಗಿಯ ಮಂಚದ ಹತ್ತಿರ ಕೂರಿಸಲು ಏನಡ್ಡಿ?

ಔಷಧ ಅಂಗಡಿಯವರಿಗೂ ಒಂದು ಮಾತು. ನಾಲ್ಕು ಗುಳಿಗೆ ಕೇಳಿದರೆ ಕತ್ತರಿ ಸರಿಯಾಗಿ ಹೆಸರಿನ ಮೇಲೇ ಓಡುತ್ತದೆ. ಅರ್ಧ ಹೆಸರು ಗಿರಾಕಿಯ ಕಿಸೆಗೆ, ಅರ್ಧ ಅಂಗಡಿಯ ಡಬ್ಬಿಗೆ! ಹೆಸರು ಉಳಿಯುವಂತೆ ಕತ್ತರಿಸಿ, ಕವರಿನ ಮೇಲೆ ದೊಡ್ಡದಾಗಿ ಬರೆದು, ಬಿಲ್ ಕೊಟ್ಟರೆ ಗಂಟೇನೂ ಹೋಗದು.

ಇನ್ನು ಮನೆಯವರು ಮಾಡಬೇಕಾದದ್ದು ಸುಲಭ. ಆಸ್ಪತ್ರೆಗೆ ಹೊರಟಾಗ ಚಾದರ, ತಂಬಿಗೆ ಮರೆಯದವರು ಗುಳಿಗೆಯ ಚೀಲವನ್ನೂ ಮರೆಯಬಾರದು. ಖಾಲಿ ಸ್ಟ್ರಿಪ್ ಇದ್ದರೆ ಅದೂ ಇರಲಿ, ನಾಟಿ ಔಷಧದ ಪೊಟ್ಟಣವೂ ಇರಲಿ. ಡಿಸ್ಚಾರ್ಜ್ ಆಗುವಾಗ ಯಾವುದು ಮುಂದುವರಿಸಬೇಕು, ಯಾವುದು ಬಿಡಬೇಕು ಎಂದು ಕನ್ನಡದಲ್ಲಿ ಬರೆಸಿಕೊಂಡೇ ಬಸ್ಸು ಹತ್ತಬೇಕು.

ಜನ ಚೀಲ ತರುತ್ತಾರೆ. ಅದನ್ನು ಬಿಚ್ಚಿ ನೋಡಲು ಆಸ್ಪತ್ರೆಯಲ್ಲಿ ಒಬ್ಬರಾದರೂ ಇರುವಂತೆ ಆರೋಗ್ಯ ಇಲಾಖೆಯವರು ನೋಡಿಕೊಳ್ಳುವರೇ?