ಬಿಸಿಲು ಜಾಸ್ತಿ ಇದ್ದರೆ ಸಾಕೇ? ಸೋಲಾರ್ ಪಾರ್ಕ್‌ಗೆ ಜಾಗ ಆರಿಸುವ ಲೆಕ್ಕಾಚಾರ

ಬಿಸಿಲು ಸುಡುವ ಕಡೆ ಸೋಲಾರ್ ಕರೆಂಟ್ ಕೂಡ ಜಾಸ್ತಿ ಎಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಇದು ಅರ್ಧ ಮಾತ್ರ ನಿಜ.

ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಶಾಖ ಅದಕ್ಕೆ ತೊಂದರೆಯೇ. ಪ್ಯಾನೆಲ್ ಮೇಲೆ ಬರೆದಿರುವ ಸಾಮರ್ಥ್ಯ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದು. ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗಲೂ ಸಿಲಿಕಾನ್ ಪ್ಯಾನೆಲ್‌ನ ಉತ್ಪಾದನೆ ಸುಮಾರು ಶೇ 0.3ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ಶೇ 12ರಿಂದ 16ರಷ್ಟು ಕರೆಂಟ್ ಅಲ್ಲೇ ಖೋತಾ.

ಹಾಗಾದರೆ ಲಡಾಖ್ ಆಗಬಹುದಲ್ಲ? ತಂಪು ಹವೆ, ಪ್ರಖರ ಬಿಸಿಲು, ಖಾಲಿ ಬಯಲು. (ಖಾಲಿ ಎಂದೆವು, ಆದರೆ ಚಾಂಗ್‌ಪಾ ಅಲೆಮಾರಿಗಳು ಪಶ್ಮಿನಾ ಮೇಕೆ ಮೇಯಿಸುವುದು ಅಂಥ ಬಯಲುಗಳಲ್ಲೇ.) ಅಲ್ಲಿನ ಕರೆಂಟ್ ಹೊರತರಲು ಹರಿಯಾಣದ ಕೈಥಲ್‌ವರೆಗೆ 713 ಕಿ.ಮೀ. ಲೈನ್ ಎಳೆಯಬೇಕು. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯ ಅಂದಾಜು ವೆಚ್ಚ 20,773 ಕೋಟಿ ರೂಪಾಯಿ!

ನಮ್ಮ ತುಮಕೂರು ಜಿಲ್ಲೆಯ ಪಾವಗಡಕ್ಕೆ ಬರೋಣ. 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿದೆ. ಅಂದರೆ ಒಂದು ಮೆಗಾವಾಟ್‌ಗೆ ಆರು ಎಕರೆಗೂ ಹೆಚ್ಚು. ಅಷ್ಟು ಜಮೀನು ಹತ್ತಿರ ಹತ್ತಿರವೇ, ಸಮತಟ್ಟಾಗಿ ಸಿಗಬೇಕು, ಮೋಡ ಕಮ್ಮಿ ಇರಬೇಕು. ಪಾವಗಡದಲ್ಲಿ ಮಳೆಯೇ ಕಮ್ಮಿ. ಕಡಲೆಕಾಯಿ ನಂಬಿದ್ದ ರೈತರು ಬರದಿಂದ ಮೊದಲೇ ಸೋತಿದ್ದರು. ಅಲ್ಲಿ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು: ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಭೂಸ್ವಾಧೀನಕ್ಕಿಂತ ಇದು ಎಷ್ಟೋ ವಾಸಿ ಎಂಬುದು ನಮ್ಮ ಅಭಿಪ್ರಾಯ. ಭೂಮಿಯ ಒಡೆತನ ರೈತರ ಕೈಯಲ್ಲೇ ಉಳಿಯಿತು.

ಆದರೆ ಈ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಾಯಿ ಬಿಡಿಸುತ್ತಿದ್ದ ಕೂಲಿಯವರ ಕೆಲಸ ಹೋಯಿತು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ ಬಂತು. ಪಾರ್ಕ್ ಒಳಗಿನ ಕೆಲಸ ಕಾವಲು, ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು, ಇಷ್ಟೇ. ಎಲ್ಲರಿಗೂ ಸಾಲುವಷ್ಟಿಲ್ಲ. ತೊಳೆಯುವುದಕ್ಕೂ ನೀರು ಬೇಕು. ಒಣನೆಲದಲ್ಲಿ ದೂಳು ಹೆಚ್ಚು, ನೀರು ಕಮ್ಮಿ, ದೂಳು ಕೂತರೆ ಕರೆಂಟ್ ಇಳಿಯುತ್ತದೆ.

ನಿಮ್ಮೂರಿಗೂ ಸೋಲಾರ್ ಕಂಪನಿಯವರು ಜಮೀನು ಕೇಳಿಕೊಂಡು ಬಂದರೆ, ಎಕರೆಗೆ ಎಷ್ಟು ಎಂಬುದರ ಜೊತೆಗೆ ಇವನ್ನೂ ಕೇಳಿ: ಗುತ್ತಿಗೆ ಎಷ್ಟು ವರ್ಷ, ಬಾಡಿಗೆ ಯಾವಾಗ ಏರುತ್ತದೆ, ಬಂಡಿದಾರಿ ಮತ್ತು ಹಳ್ಳಗಳನ್ನು ಮುಚ್ಚುತ್ತಾರಾ, ಪ್ಯಾನೆಲ್ ತೊಳೆಯುವ ನೀರು ಯಾವ ಬೋರ್‌ವೆಲ್‌ನದು, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟ್ ಕಿತ್ತು ಜಮೀನು ಹಸನು ಮಾಡಿಕೊಡುವವರು ಯಾರು? ಉತ್ತರ ಬಾಯಿಮಾತಿನಲ್ಲಿ ಬೇಡ, ಕರಾರುಪತ್ರದಲ್ಲೇ ಬರೆಸಿಕೊಳ್ಳಿ.