ತಾಸಿಗೆ ಹದಿನೇಳು ಕಿಲೋ ತೊಗರಿ

ಜರ್ಮನಿಗೆ ಓದಲು ಹೊರಟವರು ವೀಸಾ ಕೇಳುವ ಮೊದಲು ಸಾಮಾನ್ಯವಾಗಿ ಒಂದು ಖಾತೆ ತೆರೆದು ಅದರಲ್ಲಿ 11,904 ಯೂರೋ ತುಂಬಬೇಕು. ದುಡ್ಡು ಅವರದೇ, ಆದರೆ ಬೇಕೆಂದಾಗ ತೆಗೆಯುವ ಹಾಗಿಲ್ಲ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಕೈಗೆ ಬರುತ್ತದೆ. ಯೂರೋಗೆ ನೂರು ರೂಪಾಯಿ ಹಿಡಿದರೆ ಒಟ್ಟು ಹನ್ನೆರಡು ಲಕ್ಷದ ಮಾತು.

ಕಲಬುರ್ಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು ಇಂಥ ಲೆಕ್ಕವನ್ನು ತೊಗರಿಯಲ್ಲೇ ಹಾಕುತ್ತಾರೆ. 2025-26ನೇ ಸಾಲಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಅಂದರೆ ಹನ್ನೆರಡು ಲಕ್ಷಕ್ಕೆ 150 ಕ್ವಿಂಟಲ್ ಬೇಕು. ಮಳೆಯನ್ನೇ ನಂಬಿದ ಎರಿ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂತೆಂದು ಹಿಡಿದರೂ ಮೂವತ್ತೇಳು, ಮೂವತ್ತೆಂಟು ಎಕರೆಯ ರಾಶಿ. ಬೀಜ, ಗೊಬ್ಬರ, ಎಣ್ಣೆ, ಆಳಿನ ಖರ್ಚು ಇದರಲ್ಲಿ ಕಳೆದಿಲ್ಲ. ಅಷ್ಟು ಹೊಲ ಇದ್ದವರು ಒಂದು ಊರಿಗೆ ಎಷ್ಟು ಮಂದಿ ಸಿಕ್ಕಾರು? ಆದರೂ ಈ ತಾಲೂಕುಗಳ ಹುಡುಗರು ಹೋಗುತ್ತಿದ್ದಾರೆ. ಸಾಲ ಮಾಡಿ ಹೋಗುತ್ತಾರೆ, ಅಕ್ಕನ ಬಂಗಾರ ಒತ್ತೆಯಿಟ್ಟು ಹೋಗುತ್ತಾರೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಐವತ್ತು ಸಾವಿರದ ಹತ್ತಿರ. ಚೀನಾದವರನ್ನೂ ಹಿಂದೆ ಹಾಕಿ, ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮವರದೇ ದೊಡ್ಡ ಗುಂಪು.

ಪರದೇಶದ ಓದಿನ ಬಗ್ಗೆ ನಾವು ಓದಿಕೊಂಡು ಬಂದಿರುವುದು ಹಿಮ, ಗ್ರಂಥಾಲಯ, ಹಳೆಯ ಸೇತುವೆಗಳ ವರ್ಣನೆ. ಅಲ್ಲಿ ವಿದ್ಯಾರ್ಥಿಯ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಬೇರೊಂದು ಸಂಗತಿ: ಅವನ ಅನ್ನಕ್ಕೆ ದುಡ್ಡು ಕೊಟ್ಟವರು ಯಾರು ಎಂಬುದು.

ಈ ಮೂರೂ ತಾಲೂಕುಗಳು ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ, 1895ರಲ್ಲಿ, ಅದೇ ರಾಜ್ಯದ ರಾಜಧಾನಿಯಿಂದ ಹದಿನಾರರ ಒಬ್ಬ ಹುಡುಗಿ ನಿಜಾಮರ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋದಳು. ಲಂಡನ್ನಿನ ಕಿಂಗ್ಸ್ ಕಾಲೇಜು, ಕೇಂಬ್ರಿಜಿನ ಗರ್ಟನ್ ಕಾಲೇಜುಗಳಲ್ಲಿ ಓದಿದ ಆಕೆ ಮುಂದೆ ಸರೋಜಿನಿ ನಾಯ್ಡು ಎಂದು ಹೆಸರಾದಳು. ಆಕೆಗೆ ಕವಿತೆ ಬರೆಯಲು ಅಲ್ಲಿ ಹೊತ್ತಿತ್ತು. ಅದಕ್ಕೂ ಏಳು ವರ್ಷ ಮುಂಚೆ ಮನೆಯವರ ದುಡ್ಡಿನಲ್ಲಿ ಲಂಡನ್ನಿಗೆ ಹೋದ ಗಾಂಧಿ, ಅಣ್ಣನ ಮೇಲೆ ಬೀಳುತ್ತಿದ್ದ ಭಾರ ನೆನೆದು ಒಂದೇ ಕೋಣೆಗೆ ಬಂದರು. ಬೆಳಗ್ಗೆ ಓಟ್ಸ್ ಗಂಜಿಯನ್ನು ತಾವೇ ಬೇಯಿಸಿಕೊಂಡರು, ಬಂಡಿಯ ದುಡ್ಡು ಉಳಿಸಲು ಮೈಲುಗಟ್ಟಲೆ ನಡೆದರು, ಕಾಸುಕಾಸಿನ ಲೆಕ್ಕ ಬರೆದರು.

ಅಂಬೇಡ್ಕರ್ ಅವರ ಕತೆ ಇನ್ನೂ ಸ್ಪಷ್ಟ. ಬರೋಡಾ ಸಂಸ್ಥಾನದ ವೇತನ ಮುಗಿದದ್ದರಿಂದ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಮುಂಬೈಯಲ್ಲಿ ಪಾಠ ಮಾಡಿ ಒಂದಿಷ್ಟು ಕೂಡಿಟ್ಟು, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಪಡೆದು, ಗೆಳೆಯನಿಂದ ಸಾಲ ತಂದು 1920ರಲ್ಲಿ ಮತ್ತೆ ಹೋದರು. ಬೆಳಗಿನಿಂದ ಬಾಗಿಲು ಹಾಕುವವರೆಗೆ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ಕೂತು, ರಾತ್ರಿ ಹಸಿವಿಗೆ ಹಪ್ಪಳ ತಿಂದು ಓದು ಮುಂದುವರಿಸುತ್ತಿದ್ದರು ಎಂದು ಅವರ ಜೀವನಚರಿತ್ರೆ ಬರೆದ ಧನಂಜಯ ಕೀರ್ ದಾಖಲಿಸಿದ್ದಾರೆ. 1923ರಲ್ಲಿ ಡಿ.ಎಸ್‌ಸಿ. ಕೈಗೆ ಬಂತು. ನಡುವೆ ಹೋದ ಮೂರು ವರ್ಷಕ್ಕೆ ಬುದ್ಧಿಯ ಕೊರತೆ ಕಾರಣವಲ್ಲ, ಹಣದ ಕೊರತೆ ಕಾರಣ.

ಈಗ ಬರ್ಲಿನ್ನಿನ ಒಂದು ಡಿಸೆಂಬರ್ ದಿನ ನೋಡೋಣ. ಬೆಳಿಗ್ಗೆ ಎಂಟು ಗಂಟೆ ದಾಟಿದ ಮೇಲೆ ಹೊತ್ತು ಹುಟ್ಟುತ್ತದೆ, ಮಧ್ಯಾಹ್ನ ನಾಲ್ಕು ಹೊಡೆಯುವುದರೊಳಗೆ ಮುಳುಗುತ್ತದೆ. ಆಗ ಜೇವರ್ಗಿಯಲ್ಲಿ ರಾತ್ರಿ ಎಂಟೂವರೆ; ಮನೆಯವರ ಊಟ ಮುಗಿದು ವಿಡಿಯೋ ಕಾಲ್ ಬರುವ ಸಮಯ. ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ:

"ನಿಮ್ಮಲ್ಲಿ ಇನ್ನಾ ನಾಕ ಗಂಟಿ ಅಂದಿದ್ದಿ, ಹಿಂದ ಕತ್ತಲ ಯಾಕ ಆಗ್ಯಾದ?"

"ಥಂಡಿ ದಿನದಾಗ ಇಲ್ಲಿ ಹೊತ್ತು ಲಗೂ ಮುಣಗತದವ್ವಾ."

"ಉಂಡಿಯೇನು?"

"ಉಂಡೀನಿ."

"ಏನ್ ಉಂಡಿ?"

ಕೊನೆಯ ಪ್ರಶ್ನೆಗೆ ನಿಜ ಹೇಳುವ ಮಕ್ಕಳು ಕಡಿಮೆ. ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಹೊರಗಿಗಿಂತ ಅಗ್ಗ, ಆದರೆ ಆಲೂಗಡ್ಡೆ ನಾಲಿಗೆಗೆ ಹತ್ತಲು ತಿಂಗಳುಗಳೇ ಬೇಕು. ಊರಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಹಬ್ಬಕ್ಕೆಂದು ಎತ್ತಿಟ್ಟುಕೊಳ್ಳುವ ಸಾಮಾನು. ಅವ್ವ ಅಕ್ಕರೆಯಿಂದ ಬ್ಯಾಗಿನಲ್ಲಿ ತುಪ್ಪದ ಡಬ್ಬಿ ಇಟ್ಟಿದ್ದರೆ ಅದನ್ನು ಮೊದಲೇ ತೆಗೆಸಬೇಕು. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿರ್ಬಂಧವಿದೆ. ಹಾಗಂತ ಹೇಳಿದರೆ ಯಾವ ತಾಯಿ ನಂಬುತ್ತಾಳೆ?

ಅಡುಗೆಮನೆ ನಾಲ್ಕೈದು ಮಂದಿಗೆ ಒಂದೇ. ಫ್ರಿಜ್ಜಿನಲ್ಲಿ ತಲೆಗೊಂದು ಅರೆ. ಗೋಡೆಯ ಮೇಲೆ ಒಂದು ಹಾಳೆ: ಈ ವಾರ ನೆಲ ಒರೆಸುವವರು ಯಾರು, ಪಾಯಖಾನೆ ತೊಳೆಯುವವರು ಯಾರು ಎಂಬ ಸರದಿ. ಊರಲ್ಲಿ ಉಂಡ ತಾಟು ಎತ್ತದ ಹುಡುಗ ಅಲ್ಲಿ ತನ್ನ ಹೆಸರಿನ ಮುಂದೆ ಗುರುತು ಹಾಕಿ ಕೆಲಸ ಮುಗಿಸುತ್ತಾನೆ. ಕಾಯಕದ ಭಾಷಣಗಳನ್ನು ಕೇಳುತ್ತಾ ಬೆಳೆದವನಿಗೆ ಅದರ ಪಾಠ ಆಗುವುದು ಆ ಹಾಳೆಯ ಮುಂದೆ. ರಜೆಗೆ ಬಂದಾಗ ಅದೇ ಹುಡುಗ ಅವ್ವನ ಕೈಯಲ್ಲಿ ತಾಟು ತೊಳೆಸುತ್ತಾನೋ ಇಲ್ಲವೋ ಎಂಬುದು ಅವನ ಪದವಿಗಿಂತ ದೊಡ್ಡ ಪರೀಕ್ಷೆ.

ಇವೆಲ್ಲ ಕಲಿತುಕೊಳ್ಳಬಹುದಾದ ಸಂಗತಿಗಳು. ಮನೆ ಹಿಡಿದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಭಾನುವಾರ ಅಂಗಡಿ ತೆರೆಯುವುದಿಲ್ಲ, ರಾತ್ರಿ ಹತ್ತರ ಮೇಲೆ ಗದ್ದಲ ಮಾಡಬಾರದು, ಖಾಲಿ ಪ್ಲಾಸ್ಟಿಕ್ ಬಾಟಲಿ ಮರಳಿಸಿದರೆ 25 ಸೆಂಟ್ ವಾಪಸು. ಒಂದು ಸೆಮಿಸ್ಟರಿನಲ್ಲಿ ಎಲ್ಲ ರೂಢಿಯಾಗುತ್ತದೆ. ರೂಢಿಯಾಗದೆ ಕಾಡುವುದು ದುಡಿಮೆಯ ಲೆಕ್ಕ.

ಕಾನೂನು ಪ್ರಕಾರ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಇಲ್ಲವೇ 280 ಅರ್ಧ ದಿನ ಕೆಲಸ ಮಾಡಬಹುದು. 2026ರ ಜನವರಿಯಿಂದ ಕನಿಷ್ಠ ಕೂಲಿ ತಾಸಿಗೆ 13.90 ಯೂರೋ. ಬೆಂಬಲ ಬೆಲೆಯಲ್ಲಿ ಅದು ಹದಿನೇಳು ಕಿಲೋ ತೊಗರಿ. ಬೆನ್ನಿಗೆ ಊಟದ ಪೆಟ್ಟಿಗೆ ಕಟ್ಟಿಕೊಂಡು ಆರು ತಾಸು ಸೈಕಲ್ ತುಳಿದರೆ ಒಂದು ಕ್ವಿಂಟಲ್. ಅಪ್ಪ ಜೂನ್‌ನಲ್ಲಿ ಬಿತ್ತಿ, ಹೂವು ಉದುರದಿರಲೆಂದು ಮೋಡ ನೋಡುತ್ತಾ, ಜನವರಿಯಲ್ಲಿ ರಾಶಿ ಮಾಡಿ ಮಾರುವ ಒಂದು ಚೀಲ ಮಗನ ಒಂದು ಸಂಜೆಗೆ ಸಮ. ಈ ಲೆಕ್ಕ ಗೊತ್ತಾದ ಹುಡುಗನಿಗೆ ಗ್ರಂಥಾಲಯದಲ್ಲಿ ಕೂತ ಪ್ರತಿ ತಾಸೂ ನಷ್ಟದಂತೆ ಕಾಣತೊಡಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಹೊಲಗಳಲ್ಲಿ ನೀರು ನಿಂತಿತು. ಅಂಥ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿದ ಮಗ ಇನ್ನೊಂದು ಪಾಳಿ ಒಪ್ಪಿಕೊಳ್ಳದೆ ಇರುತ್ತಾನೆಯೇ?

ಪಾಳಿ ಹೆಚ್ಚಾದಂತೆ ತರಗತಿ ತಪ್ಪುತ್ತದೆ, ವಿಷಯಗಳು ಬಾಕಿ ಉಳಿಯುತ್ತವೆ, ಎರಡು ವರ್ಷದ ಓದು ಮೂರಕ್ಕೆ ಎಳೆಯುತ್ತದೆ. ನಿವಾಸದ ಪರವಾನಗಿ ನವೀಕರಿಸುವಾಗ ಬದುಕಲು ಹಣವಿದೆ ಎಂದು ಮತ್ತೆ ತೋರಿಸಬೇಕು. ಹಣ ಉಳಿಸಲು ಮಾಡಿದ ದುಡಿಮೆಯೇ ಖರ್ಚು ಬೆಳೆಸುತ್ತದೆ. ಸಹಪಾಠಿಯಷ್ಟೇ ಬುದ್ಧಿ ಇದ್ದರೂ ಇವನು ಹಿಂದೆ ಬೀಳುವುದು ಇಲ್ಲಿ. ಸಾಲ ಮಾಡಿ ಬಂದವನ ದಿನದಲ್ಲಿ ಓದಿಗೆ ಉಳಿಯುವ ತಾಸುಗಳೇ ಕಡಿಮೆ. ವಿದ್ಯಾರ್ಥಿವೇತನವನ್ನು ಉಪಕಾರ ಎಂದುಕೊಂಡಿರುವ ಅಧಿಕಾರಿಗಳಿಗೆ ಇದು ತಿಳಿಯಬೇಕು. ವೇತನ ಕೊಳ್ಳುವುದು ಓದುವ ಹೊತ್ತನ್ನು.

ಸಾಲದ ದಾರಿಯೂ ನಮ್ಮ ಭಾಗಕ್ಕೆ ಕಿರಿದು. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಸರ್ಕಾರದ ಖಾತರಿ ಯೋಜನೆಯ ಆಸರೆ ಇಲ್ಲ, ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಹೊಲವನ್ನು ಬಹುತೇಕ ಬ್ಯಾಂಕುಗಳು ಈ ಸಾಲಕ್ಕೆ ಹಿಡಿಯುವುದಿಲ್ಲ. ಪಟ್ಟಣದ ಮನೆಯೋ, ಕೃಷಿಯೇತರ (ಎನ್.ಎ.) ಆದ ಪ್ಲಾಟೋ ಬೇಕು. ಹೊಲ ಬಿಟ್ಟರೆ ಬೇರೇನೂ ಇಲ್ಲದ ರೈತ ಖಾಸಗಿ ಬಡ್ಡಿಗೆ ಕೈಚಾಚುತ್ತಾನೆ. ಅದರ ಮೇಲೆ ಏಜೆಂಟರ ಕಾಟ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಕಮಿಷನ್ ಮೇಲೆ ಕಣ್ಣಿಟ್ಟವರು ಅದನ್ನು ಹೇಳದೆ, ಲಕ್ಷಗಟ್ಟಲೆ ಕೀಳುವ ಖಾಸಗಿ ಕಾಲೇಜಿನ ಕಡೆ ದಾರಿ ತೋರಿಸುತ್ತಾರೆ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಸಂವಿಧಾನದ 371(ಜೆ) ಕಲಮು ಬಂದ ಮೇಲೆ ಇಲ್ಲಿನ ಮಕ್ಕಳಿಗೆ ರಾಜ್ಯದ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೀಟು ಸಿಕ್ಕವು, ನೌಕರಿ ಸಿಕ್ಕವು. ಗಡಿಯಾಚೆಯ ಓದಿಗೆ ಆ ಕಲಮು ನೆರವಾಗುವುದಿಲ್ಲ. ಅದಕ್ಕೆ ಇರುವುದು ಬೇರೆ ಯೋಜನೆಗಳು: ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ 'ಪ್ರಬುದ್ಧ', 1954-55ರಿಂದ ನಡೆದು ಬಂದಿರುವ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಅಲ್ಪಸಂಖ್ಯಾತರಿಗೆ ನಿಗಮದ ಸಾಲ. ಕೇಂದ್ರದ ಯೋಜನೆಯಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ಅಷ್ಟು ಕಡಿಮೆ ಇದ್ದಾಗ ಸುದ್ದಿ ಮೊದಲು ತಲುಪಿದವರೇ ಮುಂದೆ ಹೋಗುತ್ತಾರೆ. ಬೆಂಗಳೂರಿನ ಹುಡುಗನಿಗೆ ತಲುಪುವ ಸುದ್ದಿ ಮಾದನ ಹಿಪ್ಪರಗಿಯಂಥ ಹಳ್ಳಿಗೆ ತಲುಪುವ ಹೊತ್ತಿಗೆ ಅರ್ಜಿಯ ತಾರೀಖು ಮುಗಿದಿರುತ್ತದೆ.

ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ತಲುಪಿಸಲು ದೊಡ್ಡ ಕಟ್ಟಡ ಬೇಕಿಲ್ಲ. 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲೇ ಇದೆ. ಅಲ್ಲಿ ಸುತ್ತಲಿನ ತಾಲೂಕುಗಳ ಪದವಿ ವಿದ್ಯಾರ್ಥಿಗಳಿಗೆ ಒಂದು ಮಾಹಿತಿ ಕೇಂದ್ರ, ಸಂಜೆಯ ಜರ್ಮನ್ ತರಗತಿ ನಡೆಸುವುದು ಕಷ್ಟವಲ್ಲ. ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿಯ ಮಾತು ಕೇಳುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕವರ ಆ 11,904 ಯೂರೋಗೆ ಬಡ್ಡಿಯಿಲ್ಲದ ಸಾಲ ಕೊಡಬಹುದು. ರಸ್ತೆ, ಗಟಾರಕ್ಕೆ ಸುರಿಯುವುದರಲ್ಲಿ ಅದೊಂದು ಚೂರು.

ಮಂಡಳಿ ಯಾವಾಗ ಮನಸ್ಸು ಮಾಡುತ್ತದೋ ಮಾಡಲಿ. ಅಲ್ಲಿಯವರೆಗೆ ಮಗ ಅಥವಾ ಮಗಳು ಹೊರಡುತ್ತೇನೆ ಎಂದಾಗ ತಂದೆತಾಯಿ ಎರಡು ಕೆಲಸ ಮಾಡಲಿ. ಸೇರುವ ವಿಶ್ವವಿದ್ಯಾಲಯ ಸರ್ಕಾರಿಯೋ ಖಾಸಗಿಯೋ ಎಂಬುದನ್ನು ಏಜೆಂಟನ ಬಾಯಿಂದ ಕೇಳದೆ, ಅದರ ಸ್ವಂತ ಜಾಲತಾಣದಲ್ಲೇ ಖಚಿತ ಮಾಡಿಕೊಳ್ಳಿ. ಹೊಲಕ್ಕೆ ಗಿರಾಕಿ ಹುಡುಕುವ ಮೊದಲು ಕಲಬುರ್ಗಿಯ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಕಚೇರಿಗಳಲ್ಲಿ ನಿಮಗೆ ಸಂಬಂಧಪಟ್ಟದ್ದಕ್ಕೆ ಒಮ್ಮೆ ಹೋಗಿ, ಯಾವ ಯೋಜನೆ ಇದೆ, ಕೊನೆಯ ತಾರೀಖು ಯಾವುದು ಎಂದು ಕೇಳಿ ಬರೆದುಕೊಂಡು ಬನ್ನಿ.